ಕೊಂಗಲಕೆರೆಯ ತೂಬು ತೆಗೆದ ಕೈ

ಕೊಂಗಲಕೆರೆಯ ತೂಬು ತೆಗೆದದ್ದು ನಾನು. ನೀರುಗಂಟಿ ಮುನಿಶಾಮಪ್ಪ ಅಲ್ಲ. ಎಂಟು ವರ್ಷದ ಹಿಂದೆ, ಕಾರ್ತೀಕ ಮಾಸದ ಒಂದು ಮಧ್ಯಾಹ್ನ, ಹಾಡುಹಗಲಿನಲ್ಲಿ, ಈ ಎರಡು ಕೈಯಿಂದ ಗೂಟ ಎತ್ತಿ ತುಂಬಿದ ಕೆರೆಯನ್ನು ಬರಿದು ಮಾಡಿದೆ. ಮರುದಿನ ಊರಿನವರೆಲ್ಲ ನ್ಯಾಯಕ್ಕೆ ಸೇರಿದಾಗ ಆ ತಪ್ಪನ್ನು ಅವರ ತಲೆಗೆ ಕಟ್ಟಿದವಳೂ ನಾನೇ. ಅವರು ಹೋದ ವರ್ಷ ತೀರಿಕೊಂಡರು.

ಇದನ್ನು ಇನ್ನೂ ಮೆತ್ತಗೆ ಬರೆಯಬಹುದಿತ್ತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ‘ತಪ್ಪು ನಡೆದುಹೋಯಿತು’, ‘ಪರಿಸ್ಥಿತಿ ಹಾಗಿತ್ತು’ — ಮಾಡಿದವರೇ ಇಲ್ಲದ ವಾಕ್ಯಗಳನ್ನು ಎಷ್ಟು ಬೇಕಾದರೂ ಕಟ್ಟಬಲ್ಲೆ. ಎಂಟು ವರ್ಷ ಮನಸ್ಸಿನೊಳಗೆ ಅಂಥವನ್ನೇ ಕಟ್ಟುತ್ತ ಬಂದೆ. ಈಗ ಅವನ್ನು ನೆನೆಸಿಕೊಂಡರೆ ನನ್ನ ಮೇಲೇ ಕೆಂಡದಂಥ ಸಿಟ್ಟು ಬರುತ್ತದೆ.

ಕೊಂಗಲಕೆರೆಯನ್ನು ನೀವು ನೋಡಿರಲಾರಿರಿ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಬಂದರೆ ನಮ್ಮೂರು. ಊರು ಮುಗಿದ ಮೇಲೆ ಹೊಂಗೆ ಸಾಲು ದಾಟಿ ಇಪ್ಪತ್ತು ನಿಮಿಷ ನಡೆದರೆ ಬಂಡೆಗುಡ್ಡಗಳ ಮಧ್ಯೆ ಆ ಕೆರೆ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಹಿರಿಯರು ಕಟ್ಟಿದ ಮಣ್ಣಿನ ಏರಿ. ಏರಿಯ ಊರ ಕಡೆಯ ತುದಿಗೆ ಹತ್ತಿರ ತೂಬು. ಆಚೆ ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಅದರ ಪಕ್ಕದಲ್ಲಿ ಗಂಗಮ್ಮನ ಕಲ್ಲು. ಗುಡ್ಡದ ತುಂಬ ಸೀತಾಫಲದ ಪೊದೆ, ಜಾಲಿ, ನವಿಲು. ಕೊಂಗ ಎಂದರೆ ತೆಲುಗಿನಲ್ಲಿ ಬಕ. ನೀರಿದ್ದ ಕಾಲದಲ್ಲಿ ಅವು ಸಂಜೆ ಬಂದು ಕೂತರೆ ನಡುಗಡ್ಡೆಯ ಜಾಲಿಮರ ಪೂರ್ತಿ ಬೆಳ್ಳಗಾಗುತ್ತಿತ್ತು. ಊರಿನಲ್ಲಿ ಎಲ್ಲರಿಗೂ ಕನ್ನಡ ತೆಲುಗು ಎರಡೂ ಬರುತ್ತದೆ, ಹಾಗಾಗಿ ಈ ಹೆಸರು ಯಾವ ಭಾಷೆಯದು ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ.

ಮುನಿಶಾಮಪ್ಪನವರ ಮನೆತನ ಈ ಕೆರೆಯ ನೀರುಗಂಟಿಗಳು. ನೀರು ಕಾಯುವುದು, ಅಳೆದು ಬಿಡುವುದು ಅವರ ಕೆಲಸ. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂದು ಅವರು ಹೇಳಿದರೆ ಮುಗಿಯಿತು, ನಮ್ಮಪ್ಪನಂಥ ದೊಡ್ಡ ಜಮೀನಿನವರೂ ಎದುರಾಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ಮೊದಲ ಮೊರ ರಾಗಿ ಅವರದು. ಕೆರೆ ಕೋಡಿ ಬಿದ್ದರೆ ಗಂಗಮ್ಮನ ಕಲ್ಲಿಗೆ ಮೊದಲ ಆರತಿ ಅವರ ಮನೆಯದು. ವರ್ಷವೆಲ್ಲ ನಮ್ಮ ಹೊಸಲು ದಾಟದವರು — ದಾಟಲು ನಾವು ಬಿಡದವರು ಎನ್ನಬೇಕು — ಆ ಒಂದು ದಿನ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ನನಗೆ ಈಜು ಕಲಿಸಿದವರು ಅವರು. ಒಂಬತ್ತು ವರ್ಷದವಳಿದ್ದಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದ್ದರು. ನೀರಿನೊಳಗೆ ಮುಟ್ಟಿದರೆ ಮೈಲಿಗೆ ಇಲ್ಲ ಎಂದು ನಮ್ಮಜ್ಜಿ ತಾವೇ ಒಂದು ಕಾನೂನು ಮಾಡಿಕೊಂಡಿದ್ದರು. ದಡಕ್ಕೆ ಬಂದ ಮೇಲೆ ಕಾನೂನು ಬೇರೆ. ಆಗ ಅವರಿಗೆ ಇಪ್ಪತ್ತೈದು ವರ್ಷವಿರಬಹುದು. ನಾನು ಅವರನ್ನು ‘ಮುನಿಶಾಮಿ, ಬಾರೋ’ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ‘ಅಮ್ಮ’ ಎನ್ನುತ್ತಿದ್ದರು. ಒಂಬತ್ತು ವರ್ಷದವಳು ಏಕವಚನದಲ್ಲಿ ಕರೆದದ್ದನ್ನು ಐವತ್ತು ದಾಟಿದ ಮೇಲೂ ನಾಲಿಗೆ ಬಿಡಲಿಲ್ಲ. ಈಗ ಕಾಗದದ ಮೇಲೆ ‘ಅವರು’ ಎಂದು ಬರೆಯುತ್ತಿದ್ದೇನೆ. ಸತ್ತವರಿಗೆ ಬಹುವಚನ ಕೊಡುವುದು ಸುಲಭ.

ತೂಬನ್ನು ತೋರಿಸಿಕೊಟ್ಟವರೂ ಅವರೇ. ಏರಿಯಿಂದ ನೀರಿನೊಳಕ್ಕೆ ಚಾಚಿದ ಕಲ್ಲು ಚಪ್ಪಡಿ, ಅದರ ತುದಿಯಲ್ಲಿ ಎರಡು ಕಲ್ಲುಕಂಬ, ನಡುವೆ ಒಂದು ಉದ್ದನೆಯ ಮರದ ಗೂಟ. ಗೂಟದ ಬುಡ ಕೆಳಗಿರುವ ಕಲ್ಲಿನ ತೂತಿಗೆ ಬಿರಡೆಯಾಗಿ ಕೂತಿರುತ್ತದೆ. ಒಂದು ಗೇಣು ಎತ್ತಿ ಆಣಿ ಸಿಕ್ಕಿಸಿದರೆ ಸಣ್ಣ ನೀರು, ಎರಡು ಗೇಣು ಎತ್ತಿದರೆ ದೊಡ್ಡ ನೀರು. ಅದರಾಚೆ ಎತ್ತುವಂತಿಲ್ಲ.

‘ಪೂರಾ ಎತ್ಬಾರ್ದು ಕಣಮ್ಮ. ತೂಬು ಒಂದ್ಸಲ ಬಾಯಿ ಬಿಡ್ತು ಅಂದ್ರೆ ಮತ್ತೆ ಗೂಟಾನ ಕಚ್ಚಲ್ಲ. ಬುಡಕ್ಕೆ ಹುಲ್ಲು ಸುತ್ತಿ, ಒಬ್ರು ಮೇಲೆ ಹಿಡ್ಕಂಡು, ಒಬ್ರು ಮುಳುಗಿ ಕೂರಿಸ್ಬೇಕು’ ಎಂದಿದ್ದರು. ನನಗೆ ಇದು ಚೆನ್ನಾಗಿ ನೆನಪಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

ಆಮೇಲೆ ಕೆರೆ ಒಣಗಿತು. ಹದಿನೈದು ವರ್ಷ ತುಂಬಲೇ ಇಲ್ಲ. ತುಂಬದ ಕೆರೆ ಯಾರ ಕಣ್ಣಿಗೂ ಕೆರೆಯಾಗಿ ಕಾಣುವುದಿಲ್ಲ, ಖಾಲಿ ಜಾಗವಾಗಿ ಕಾಣುತ್ತದೆ. ಒಬ್ಬರು ಟೊಮೊಟೊ ಹಾಕಿದರು, ಒಬ್ಬರು ನೀಲಗಿರಿ ನೆಟ್ಟರು. ನಾನು — ಮದುವೆಯಾಗದ, ಊರಿಗೆಲ್ಲ ಬುದ್ಧಿ ಹೇಳುವ ಟೀಚರಮ್ಮ — ತೂಬಿನ ಪಕ್ಕದಲ್ಲಿ, ಕೆರೆಯಂಗಳದ ಹೂಳಿನಲ್ಲಿ ಒಂದು ಎಕರೆ ಹಿಪ್ಪುನೇರಳೆ ನೆಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಶಾಲೆಯಲ್ಲಿ ಮಕ್ಕಳಿಗೆ ಕೆರೆಕಟ್ಟೆ ಉಳಿಸುವ ಬಗ್ಗೆ ಪ್ರಬಂಧ ಬರೆಸಿ, ಸಂಜೆ ಬಂದು ಕೆರೆಯೊಳಗೆ ಸೊಪ್ಪು ಕೊಯ್ಯುತ್ತಿದ್ದೆ.

ಒಬ್ಬರೇ ಒಬ್ಬರು ಕೇಳಿದ್ದು. ಮುನಿಶಾಮಪ್ಪ ಬದುವಿನ ಮೇಲೆ ನಿಂತು ಹೇಳಿದರು, ‘ಅಮ್ಮಾ, ನೀರಿನ ಜಾಗ ಇದು. ಇವತ್ತಲ್ಲ ನಾಳೆ ಬಂದು ಕೇಳ್ತದೆ.’

‘ಬಂದಾಗ ಕೊಡಣ ಬಿಡಪ್ಪ’ ಎಂದು ನಕ್ಕಿದ್ದೆ.

ಒಣಗಿದ ಕೆರೆಗೂ ಅವರು ದಿನಾ ಮಧ್ಯಾಹ್ನ ಬರುತ್ತಿದ್ದರು. ಕೋಡಿಯಾಚೆ ಅವರದೊಂದು ಅರ್ಧ ಎಕರೆ ಹೊಲ. ಅಲ್ಲಿಗೆ ಹೋಗುವಾಗ ಏರಿಯ ಮೇಲೆ ಹಾದು, ತೂಬಿನ ಗೂಟವನ್ನು ಒಮ್ಮೆ ಅಲ್ಲಾಡಿಸಿ ನೋಡಿ ಮುಂದೆ ಹೋಗುತ್ತಿದ್ದರು. ಅವರ ಮಗಳು ರತ್ನ ನನ್ನ ವಿದ್ಯಾರ್ಥಿನಿ. ಓದಿ, ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅವಳಿಂದಾಗಿ ಮನೆಯವರೆಲ್ಲ ಬೌದ್ಧರಾಗಿದ್ದರು, ಗೋಡೆಯ ಮೇಲಿನ ಪಟಗಳೆಲ್ಲ ಹೋಗಿ ಬುದ್ಧ ಒಬ್ಬನೇ ಉಳಿದಿದ್ದ. ‘ಹಾಗಾದ್ರೆ ಗಂಗಮ್ಮ ಏನಾಗ್ಬೇಕು ಮುನಿಶಾಮಿ?’ ಎಂದು ನಾನು ರೇಗಿಸಿದ್ದಕ್ಕೆ, ‘ದೇವ್ರನ್ನ ಬಿಟ್ಟೆ ಕಣಮ್ಮ, ಕೆರೆ ಬಿಟ್ಟಿಲ್ಲ’ ಎಂದಿದ್ದರು.

ಆ ವರ್ಷ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಗುಡ್ಡದ ಪ್ರತಿ ಬಂಡೆಯಿಂದಲೂ ನೀರು ಇಳಿಯಿತು, ಕೆರೆ ಕೆಂಪಗೆ ತುಂಬಿ ಕೋಡಿ ಬಿತ್ತು. ಮುನಿಶಾಮಪ್ಪ ಹೊಸ ಪಂಚೆ ಉಟ್ಟು, ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದರು. ಊರಿಗೆ ಊರೇ ಏರಿಯ ಮೇಲೆ ನಿಂತು ಅತ್ತಿತು, ನಕ್ಕಿತು. ನಾನು ಮಾತ್ರ ನನ್ನ ತೋಟ ನೋಡುತ್ತಿದ್ದೆ. ಹಿಪ್ಪುನೇರಳೆ ಎದೆಮಟ್ಟ ಮುಳುಗಿತ್ತು. ಮನೆಯಲ್ಲಿ ರೇಷ್ಮೆಹುಳು ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿತ್ತು — ರೇಷ್ಮೆ ಮಾಡುವವರಿಗೆ ಗೊತ್ತು, ಅದು ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು. ಇನ್ನು ನಾಲ್ಕು ದಿನ ನೀರು ನಿಂತರೆ ಬೇರೂ ಕೊಳೆಯುತ್ತಿತ್ತು.

ಮರುದಿನ ಅವರ ಮನೆಯ ಮುಂದೆ ನಿಂತು, ‘ಎರಡಡಿ ಇಳಿಸು ಮುನಿಶಾಮಿ, ಅಷ್ಟೇ’ ಎಂದೆ.

‘ತೂಬು ನಂದಲ್ಲಮ್ಮ, ಊರಿಂದು. ಕೆಳಗಡೆ ಹೊಲದಾಗೆ ರಾಗಿ ಕುಯ್ದು ಮಲಗ್ಸವ್ರೆ, ಈಗ ನೀರು ಬಿಟ್ರೆ ಎಲ್ಲಾ ಕೊಚ್ಕಂಡೋಗ್ತದೆ. ಊರು ಕೂತು ಬಿಡು ಅನ್ಲಿ, ಈಗಿಂದೀಗ್ಲೇ ತೆಗೀತೀನಿ.’

ಊರನ್ನು ಕೇಳಬಹುದಿತ್ತು. ಆದರೆ ಕೇಳಬೇಕಾದರೆ, ಕೆರೆಯೊಳಗೆ ತೋಟ ಮಾಡಿದ್ದೇನೆ ಎಂದು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಬೇಕಿತ್ತು. ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಹೇಳುವುದು — ನನ್ನಂಥವಳು ಕೈಕಟ್ಟಿ ನಿಂತು ಹೇಳುವುದು — ಬೇಡ, ಇದಕ್ಕೆ ಕಾರಣ ಹುಡುಕುತ್ತ ಹೋದರೆ ಮತ್ತೆ ಹಳೆಯ ವಾಕ್ಯಗಳೇ ಬರುತ್ತವೆ. ಜಂಬ. ಅಷ್ಟೇ.

ಅದರ ಮರುದಿನ ಜಂಗಮಕೋಟೆಯಲ್ಲಿ ಒಂದು ಮದುವೆ. ನಮ್ಮ ದೊಡ್ಡಪ್ಪನ ಮಗ ನಂಜುಂಡಣ್ಣ, ಊರಿನ ಕೆರೆ ಸಂಘದ ಅಧ್ಯಕ್ಷ, ಟೆಂಪೋ ಮಾಡಿ ಊರಿನವರನ್ನೆಲ್ಲ ಕರೆದುಕೊಂಡು ಹೋದ. ಹುಳಕ್ಕೆ ಸೊಪ್ಪು ಹಾಕಬೇಕು ಎಂದು ನಾನು ಉಳಿದೆ. ಮಧ್ಯಾಹ್ನ ಎರಡು ಗಂಟೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಡಿಯ ಮೇಲೆ ನಡೆದುಹೋದೆ.

ಗೂಟ ನೆನೆದು ಭಾರವಾಗಿತ್ತು. ಒಂದು ಗೇಣು ಎತ್ತಿ ಆಣಿ ಹಾಕಿದೆ. ಏರಿಯ ಆಚೆ ನೀರು ಬೀಳುವ ಸದ್ದು ಬಂತು. ಸಾಲದು ಅನ್ನಿಸಿತು. ಎರಡನೇ ಗೇಣು. ಸಂಜೆಯೊಳಗೆ ಎರಡಡಿ ಇಳಿಯಬೇಕು, ಅವರೆಲ್ಲ ಬರುವ ಮೊದಲು ಮುಚ್ಚಬೇಕು — ಇನ್ನೂ ಸ್ವಲ್ಪ ಎಂದು ಎತ್ತಿದೆ. ಬುಡ ತೂತಿನಿಂದ ಬಿಟ್ಟುಕೊಂಡಿತು. ಕೈಯಲ್ಲಿದ್ದ ಗೂಟವನ್ನು ನೀರು ಪಕ್ಕಕ್ಕೆ ತಿರುಚಿತು. ಎರಡು ಅಂಗೈಯ ಚರ್ಮವೂ ಅಡ್ಡಡ್ಡ ಸುಲಿದುಹೋಯಿತು. ಒತ್ತಿದೆ, ತಿರುಗಿಸಿದೆ, ಮತ್ತೆ ಒತ್ತಿದೆ. ಅವರು ಹೇಳಿದ್ದಂತೆಯೇ ಆಯಿತು, ತೂಬು ಕಚ್ಚಲಿಲ್ಲ.

ಇಲ್ಲಿಯವರೆಗಿನದನ್ನು ಬೇಕಾದರೆ ತಪ್ಪು ಎನ್ನಿ. ಮುಂದಿನದಕ್ಕೆ ಆ ಪದ ಸಾಲದು. ಮುನಿಶಾಮಪ್ಪ ಮದುವೆಗೆ ಹೋಗಿರಲಿಲ್ಲ — ಅವರನ್ನು ಯಾರು ಕರೆದಿದ್ದರು? ಕೋಡಿಯಾಚೆ ತಮ್ಮ ಹೊಲದಲ್ಲಿದ್ದರು. ಏರಿಯ ಮೇಲೆ ನಿಂತು ಜೋರಾಗಿ ಕೂಗಿದ್ದರೆ ಕೇಳಿಸುತ್ತಿತ್ತು. ಓಡಿ ಬಂದು, ಹುಲ್ಲು ಸುತ್ತಿ, ನನಗೆ ಮೇಲೆ ಹಿಡಿಯಲು ಹೇಳಿ, ತಾವು ಮುಳುಗಿ ಕೂರಿಸುತ್ತಿದ್ದರು. ಒಂದಡಿ ನೀರು ಹೋಗುತ್ತಿತ್ತು. ನಾನು ಕೂಗಲಿಲ್ಲ. ಮನೆಗೆ ಹೋಗಿ ಒದ್ದೆ ಸೀರೆ ಬದಲಾಯಿಸಿ, ಹುಳಕ್ಕೆ ಸೊಪ್ಪು ಹಾಕಿದೆ.

ಸಂಜೆ ಮದುವೆಯಿಂದ ಬಂದವರು ಕಂಡದ್ದು ಏನು? ಕೆಳಗಿನ ಹೊಲಗಳಲ್ಲಿ ಕೊಯ್ದು ಹಾಕಿದ್ದ ರಾಗಿ ತೇಲಿಕೊಂಡು ಹೋಗುತ್ತಿತ್ತು. ತೂಬಿನ ಹತ್ತಿರ ಎಪ್ಪತ್ತು ವರ್ಷದ ಮುನಿಶಾಮಪ್ಪ ಒಬ್ಬರೇ, ಮೈಯೆಲ್ಲ ಒದ್ದೆ, ಮೂರನೇ ಸಲ ಮುಳುಗಿ ಎದ್ದು ಉಸಿರಿಗೆ ಬಾಯಿ ಬಿಡುತ್ತಿದ್ದರು. ಮೇಲೆ ಗೂಟ ಹಿಡಿಯಲು ಅವರಿಗೆ ಇನ್ನೊಬ್ಬರಿರಲಿಲ್ಲ. ನೋಡಿದವರಿಗೆ ಅಷ್ಟು ಸಾಕಾಯಿತು. ಬಂದವರಲ್ಲಿ ಒಬ್ಬನೂ ಅವರ ಜೊತೆ ನೀರಿಗಿಳಿಯಲಿಲ್ಲ.

ಬೆಳಗಾಗುವಷ್ಟರಲ್ಲಿ ಕೆರೆ ಬರಿ ಕೆಸರು. ಕೆಸರಿನಲ್ಲಿ ಮೀನು ಒದ್ದಾಡುತ್ತಿದ್ದವು. ಊರಿಗೆ ಊರೇ ಪುಟ್ಟಿ ಹಿಡಿದು ಓಡಿತು. ರಾಗಿ ಹೋದವರೂ ಓಡಿದರು. ಆ ಮಧ್ಯಾಹ್ನ ನಮ್ಮ ಬೀದಿಯಲ್ಲೆಲ್ಲ ಮೀನಿನ ಸಾರಿನ ವಾಸನೆ. ಉಂಡು, ಕೈ ತೊಳೆದುಕೊಂಡು, ಅರಳಿಕಟ್ಟೆಗೆ ನ್ಯಾಯ ಹೇಳಲು ಬಂದರು. ಇದನ್ನು ನೆನೆದಾಗಲೆಲ್ಲ ನನಗೆ ಊರಿನ ಮೇಲೆ ಉರಿದುಹೋಗುತ್ತದೆ — ಆದರೆ ಊರಿನ ಮೇಲೆ ಸಿಟ್ಟಾಗುವ ಹಕ್ಕು ನನಗೆಲ್ಲಿದೆ? ನಮ್ಮ ಮನೆಗೂ ಯಾರೋ ಎರಡು ಮೀನು ಕೊಟ್ಟಿದ್ದರು. ನಾನೂ ತಿಂದಿದ್ದೆ.

‘ನಾನು ತೆಗ್ದಿಲ್ಲ ಸ್ವಾಮಿ’ ಎಂದರು ಮುನಿಶಾಮಪ್ಪ. ಕಟ್ಟೆಯ ಕೆಳಗೆ ನಿಂತಿದ್ದರು.

‘ಮತ್ತೆ ತೂಬಿನ ಕೆಲ್ಸ ಇನ್ಯಾರಿಗೆ ಗೊತ್ತಯ್ಯ?’ ನಂಜುಂಡಣ್ಣ ಕೇಳಿದ. ‘ವಯಸ್ಸಾಯ್ತು ನಿಂಗೆ. ಎಷ್ಟು ಎತ್ಬೇಕು ಅನ್ನೋದೇ ಮರ್ತೋಗಿದೆ.’

ಹಿಂದಿನಿಂದ ಯಾರೋ, ‘ಮಗಳು ಬುದ್ಧ ಗಿದ್ಧ ಅಂತ ತಲೆ ಕೆಡ್ಸವ್ಳೆ, ಊರ ಮೇಲೆ ಹಗೆ’ ಎಂದರು. ಹಾಗೆಂದವನನ್ನು ಯಾರೂ ಸುಮ್ಮನಿರಿಸಲಿಲ್ಲ. ನಾನೂ ಸುಮ್ಮನಿರಿಸಲಿಲ್ಲ.

ಆಗ ನಂಜುಂಡಣ್ಣ ನನ್ನ ಕಡೆ ತಿರುಗಿದ. ‘ಟೀಚರಮ್ಮ, ನೀನು ಊರಾಗೇ ಇದ್ದೆಯಲ್ಲ. ಏನಾದ್ರೂ ನೋಡಿದ್ಯಾ?’

ನಾನು ಹೇಳಿದ್ದು ಇಷ್ಟು: ‘ಮಧ್ಯಾಹ್ನ ಏರಿ ಮೇಲೆ ಹೋಗ್ತಿದ್ದ. ನೋಡ್ದೆ.’

ಅದು ನಿಜ. ಅವರು ದಿನಾ ಮಧ್ಯಾಹ್ನ ಏರಿಯ ಮೇಲೆ ಹೋಗುತ್ತಿದ್ದರು, ಆ ದಿನವೂ ಒಂದು ಗಂಟೆಗೆ ಹೋದದ್ದನ್ನು ನೋಡಿದ್ದೆ. ಒಂದೇ ಒಂದು ಸುಳ್ಳಕ್ಷರ ಅದರಲ್ಲಿರಲಿಲ್ಲ. ‘ನಾನು ಸುಳ್ಳು ಹೇಳಲಿಲ್ಲ’ — ಎಷ್ಟು ವರ್ಷ ಈ ಮಾತನ್ನು ತಲೆದಿಂಬು ಮಾಡಿಕೊಂಡು ಮಲಗಿದೆ. ಥೂ, ಅದಕ್ಕಿಂತ ನೇರವಾಗಿ ಸುಳ್ಳು ಹೇಳಿದ್ದರೆ ವಾಸಿಯಿತ್ತು. ಸುಳ್ಳುಗಾರ್ತಿಗೆ ತಾನು ಸುಳ್ಳುಗಾರ್ತಿ ಎಂದಾದರೂ ಗೊತ್ತಿರುತ್ತದೆ.

ಸಂಘದ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಯಬೇಕಿತ್ತು. ನನ್ನ ಅಕ್ಷರ ಮುತ್ತಿನಂತಿದೆ ಎಂದು ಯಾವಾಗಲೂ ನನಗೇ ಕೊಡುತ್ತಿದ್ದರು. ಅಂಗೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದೆ. ಪೆನ್ನು ಹಿಡಿದಾಗ ಮುನಿಶಾಮಪ್ಪ ನನ್ನ ಕೈಯನ್ನೇ ನೋಡಿದರು.

‘ಕೈಗೇನಾಯ್ತಮ್ಮ?’

‘ಸೊಪ್ಪು ಕುಯ್ಯೋವಾಗ ಕುಡ್ಲು ತಾಕ್ತು’ ಎಂದೆ.

ಕುಡುಗೋಲು ಒಂದು ಕೈಗೆ ತಾಕುತ್ತದೆ. ಎರಡು ಅಂಗೈಗೂ ಒಂದೇ ಜಾಗದಲ್ಲಿ ತಾಕುವುದಿಲ್ಲ. ಅವರ ಅಂಗೈಯಲ್ಲಿ ಅದೇ ಜಾಗದಲ್ಲಿ ಐವತ್ತು ವರ್ಷದ ಜಡ್ಡು ಇತ್ತು. ಅವರು ಇನ್ನೇನೂ ಕೇಳಲಿಲ್ಲ. ‘ನೀರುಗಂಟಿ ಮುನಿಶಾಮಿಯ ನಿರ್ಲಕ್ಷ್ಯದಿಂದ ಕೆರೆ ಬರಿದಾಗಿರುವ ಕಾರಣ, ಇನ್ನು ಮುಂದೆ ಅವನಿಗೂ ಅವನ ವಂಶಸ್ಥರಿಗೂ ತೂಬಿನ ಮೇಲೆ ಯಾವ ಹಕ್ಕೂ ಇರತಕ್ಕದ್ದಲ್ಲ’ ಎಂದು ಬರೆದೆ. ವಾಕ್ಯ ತಪ್ಪಿಲ್ಲದೆ ಬಂತು. ಅಕ್ಷರ ಮಾತ್ರ ಸೊಟ್ಟ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ. ಗೂಟ ತೆಗೆಸಿ ಕಬ್ಬಿಣದ ಗೇಟು, ಚಕ್ರ, ಅದಕ್ಕೊಂದು ಬೀಗ ಹಾಕಿಸಿದರು. ಬೀಗದ ಕೈ ನಂಬಿಕಸ್ಥರ ಮನೆಯಲ್ಲಿರಲಿ ಎಂದು ತಂದು ನನ್ನ ಕೈಗೇ ಕೊಟ್ಟರು. ಎಂಟು ವರ್ಷ ಅದು ನಮ್ಮ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡಿತು. ನನ್ನ ಹಿಪ್ಪುನೇರಳೆ ಏನಾಯಿತು ಎಂದು ನೀವು ಕೇಳಬಹುದು. ಉಳಿಯಿತು. ಆ ಬೆಳೆಯಲ್ಲಿ ರೇಷ್ಮೆಗೂಡು ಬಹಳ ಚೆನ್ನಾಗಿ ಬಂತು.

ಆಮೇಲೆ ಮುನಿಶಾಮಪ್ಪ ಏರಿಯನ್ನು ತುಳಿಯಲಿಲ್ಲ. ಹೊಲಕ್ಕೆ ಹೋಗಬೇಕಾದರೆ ಏರಿಯ ಮೇಲೆ ಹತ್ತು ನಿಮಿಷ. ಅದನ್ನು ಬಿಟ್ಟು ಕೆರೆಯ ಹಿಂದುಗಡೆಯಿಂದ, ಗುಡ್ಡದ ಬುಡ ಸುತ್ತಿಕೊಂಡು ಹೋಗಿ ಬರುತ್ತಿದ್ದರು. ನನ್ನ ತೋಟದಿಂದ ಕಾಣುತ್ತಿತ್ತು — ಬಂಡೆಗಳ ಮಧ್ಯೆ ಒಂದು ಬಿಳಿ ತಲೆವಸ್ತ್ರ ಮೆಲ್ಲಗೆ ಸರಿಯುತ್ತಿತ್ತು. ನಾನು ಸೊಪ್ಪು ಕೊಯ್ಯುತ್ತ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಅವರು ಕೊರಗಿ ಸತ್ತರು ಎಂದು ನಾನು ಬರೆಯುವುದಿಲ್ಲ. ಸಕ್ಕರೆ ಕಾಯಿಲೆಯಿತ್ತು, ಕಾಲಿನ ಗಾಯ ಮಾಗಲಿಲ್ಲ. ಕಾಲಿನ ಗಾಯ — ಆ ದಾರಿಯ ಕಲ್ಲುಗಳನ್ನು ನೆನೆದರೆ ಮುಂದೆ ಯೋಚಿಸಲು ಧೈರ್ಯವಾಗುವುದಿಲ್ಲ.

ಈ ವರ್ಷ ಕೆರೆ ಮತ್ತೆ ತುಂಬಿತು. ಕೋಡಿ ಬಿದ್ದ ದಿನ ನಂಜುಂಡಣ್ಣ ಮನೆಗೆ ಬಂದ. ‘ಭಾನುವಾರ ಗಂಗಮ್ಮನ ಪೂಜೆ. ಬೀಗದ ಕೈ ಇರೋಳು ನೀನೇ, ಮೊದಲ್ನೇ ಆರತಿ ನೀನೇ ಎತ್ಬೇಕು ಕಣಮ್ಮ’ ಎಂದ. ಮುನಿಶಾಮಪ್ಪನವರ ಆರತಿ. ನನ್ನ ಕೈಗೆ.

ಮರುದಿನವೇ ಚಿಂತಾಮಣಿಗೆ ಹೋದೆ. ರತ್ನ ಬಾಗಿಲು ತೆಗೆದು, ‘ಬನ್ನಿ ಮಿಸ್’ ಎಂದಳು. ಕೂರಿಸಿ ನೀರು ಕೊಟ್ಟಳು. ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ.

‘ಅಪ್ಪ ಅವತ್ತೇ ಮನೆಗೆ ಬಂದು ಹೇಳಿದ್ರು, ಟೀಚರಮ್ಮ ತೆಗ್ದಿರೋದು ಅಂತ. ನಿಮ್ ಕೈ ನೋಡಿದ್ರಂತೆ. ನಾನು ಕಂಪ್ಲೇಂಟ್ ಕೊಡಣ ಅಂದೆ. ಯಾರ ಮುಂದೆ ಹೇಳ್ತೀಯಮ್ಮ, ಪುಸ್ತಕ ಬರ್ದಿರೋದೇ ಅವ್ರು ಅಂದ್ರು.’

ಎಂಟು ವರ್ಷ ಅವರ ಮೌನವನ್ನು ನಾನು ದೊಡ್ಡತನ ಎಂದುಕೊಂಡಿದ್ದೆ. ಅವರಿಗೆ ಗೊತ್ತಿದೆ, ಗೊತ್ತಿದ್ದೂ ನನ್ನ ಮಾನ ಕಾದರು, ಈಜು ಕಲಿಸಿದ ಮಗು ಎಂಬ ಪ್ರೀತಿ — ಹೀಗೆಲ್ಲ ಕತೆ ಕಟ್ಟಿಕೊಂಡು ಒಳಗೊಳಗೇ ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಅದು ದೊಡ್ಡತನವಾಗಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಅಷ್ಟೇ.

‘ಕ್ಷಮಿಸ್ಬಿಡು ರತ್ನ’ ಎಂದೆ.

‘ನಂಗ್ಯಾಕೆ ಹೇಳ್ತೀರಾ ಮಿಸ್? ನಮ್ಗೆ ಮೊದ್ಲಿಂದ್ಲೂ ಗೊತ್ತಿತ್ತು. ಅವತ್ತು ಯಾರ ಮುಂದೆ ಹೇಳಿದ್ರೋ ಅವ್ರ ಮುಂದೆ ಹೇಳಿ. ಎಲ್ಲಿ ಬರ್ದಿದ್ರೋ ಅಲ್ಲೇ ಬರೀರಿ.’ ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ನೆನಪಿಸಿದಳು.

ಬಸ್ಸಿನಲ್ಲಿ ಅವಳ ಮೇಲೂ ನನಗೆ ಸಿಟ್ಟು ಬಂತು. ಒಂದು ಸಮಾಧಾನದ ಮಾತು ಆಡಬಾರದಿತ್ತೇ, ಅಕ್ಷರ ಕಲಿಸಿದವಳು ನಾನು — ನಮ್ಮೂರಿನ ತಿರುವು ಬರುವಷ್ಟರಲ್ಲಿ ಆ ಸಿಟ್ಟು ಯಾವ ಜಾತಿಯದು ಎಂದು ನನಗೇ ಅರ್ಥವಾಗಿ ಮುಖ ಮುಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಗಂಗಮ್ಮನ ಕಲ್ಲಿನ ಹತ್ತಿರ ಊರೆಲ್ಲ ಸೇರಿತ್ತು. ಕೋಡಿಯ ನೀರು ಬಂಡೆಯ ಮೇಲೆ ಹರಿದು ಕೆಳಗಿಳಿಯುತ್ತಿತ್ತು. ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕೆಳಗಿಟ್ಟೆ, ಬೀಗದ ಕೈಯನ್ನು ಅದರ ಪಕ್ಕದಲ್ಲಿಟ್ಟೆ.

‘ಆ ವರ್ಷ ತೂಬು ತೆಗೆದಿದ್ದು ನಾನು. ಮುನಿಶಾಮಪ್ಪನವರಲ್ಲ. ನನ್ನ ಹಿಪ್ಪುನೇರಳೆ ಮುಳುಗಿತ್ತು, ಅದಕ್ಕೆ ತೆಗೆದೆ. ಆಮೇಲೆ ಅವರ ಮೇಲೆ ಹಾಕಿದೆ.’

ನಾನು ಕಾದೆ. ಬೈಯಲಿ, ಉಗಿಯಲಿ, ರಾಗಿ ಕಳೆದುಕೊಂಡವರು ಬಂದು ನನ್ನ ಮುಂದೆ ನಿಲ್ಲಲಿ. ನಂಜುಂಡಣ್ಣ ಗಂಟಲು ಸರಿಮಾಡಿಕೊಂಡ.

‘ಹೋಗ್ಲಿ ಬಿಡಮ್ಮ. ಹಳೇ ಕತೆ. ಏನೋ ಆಗೋಯ್ತು. ಯಾರು ತಪ್ಪು ಮಾಡಲ್ಲ?’

‘ಅದೇ ಮತ್ತೆ’ ಎಂದರು ನಾಲ್ಕಾರು ಜನ. ‘ಒಪ್ಕಂಡ್ರಲ್ಲ, ದೊಡ್ಡ ಮನಸ್ಸು’ ಎಂದರು ಯಾರೋ. ಒಬ್ಬಳು ತಟ್ಟೆಯನ್ನು ಎತ್ತಿ ಮತ್ತೆ ನನ್ನ ಕೈಗೆ ಕೊಡಲು ಬಂದಳು. ಎಲ್ಲ ಸೇರಿ ಎರಡು ನಿಮಿಷ ಹಿಡಿಸಿರಬಹುದು.

ಅವತ್ತು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಲು ಊರಿಗೆ ಬೇಕಾದದ್ದೂ ಇಷ್ಟೇ ಹೊತ್ತು. ಕಟ್ಟೆಯ ಕೆಳಗೆ ನಿಂತವರು ಮಾಡಿಲ್ಲ ಎಂದರೆ ನಂಬಲಿಲ್ಲ, ಕಟ್ಟೆಯ ಮೇಲೆ ಕೂತವಳು ಮಾಡಿದ್ದೇನೆ ಎಂದರೆ ದೊಡ್ಡ ಮನಸ್ಸು. ‘ನಿಮ್ಮ ಕ್ಷಮೆ ನನಗೆ ಬೇಡ. ಅದು ನನಗೆ ಯಾಕೆ ಇಷ್ಟು ಸುಲಭಕ್ಕೆ ಸಿಗುತ್ತೆ ಅಂತ ನಂಗೊತ್ತು. ಪುಸ್ತಕ ಕೊಡಿ’ ಎಂದೆ.

ಹಳೆಯ ಪುಟ ಸಿಕ್ಕಿತು, ಸೊಟ್ಟ ಅಕ್ಷರದ ಪುಟ. ಅದನ್ನು ಹೊಡೆದುಹಾಕಲಿಲ್ಲ. ಹೊಡೆದುಹಾಕಿದರೆ ನಾನು ಬರೆದದ್ದು ಮುಂದಿನವರಿಗೆ ಕಾಣುವುದಿಲ್ಲ. ಕೆಳಗಿದ್ದ ಜಾಗದಲ್ಲಿ ಬರೆದೆ: ‘ಮೇಲಿನದು ಸುಳ್ಳು. ತೂಬು ತೆಗೆದವಳು ಇದನ್ನು ಬರೆದವಳೇ. ನೀರುಗಂಟಿ ಮುನಿಶಾಮಪ್ಪನವ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ತೂಬಿನ ಹಕ್ಕು ಅವರ ಮನೆಯದು.’ ಬರೆಯುವ ಅವಸರದಲ್ಲಿ ಅವರ ಹೆಸರಿನಲ್ಲಿ ಒಂದಕ್ಷರ ಬಿಟ್ಟಿದ್ದೆ. ಮತ್ತೆ ತಿದ್ದಿ ‘ಮುನಿಶಾಮಪ್ಪನವರ’ ಎಂದು ಪೂರ್ತಿ ಮಾಡಿ ಸಹಿ ಹಾಕಿದೆ. ಪುಸ್ತಕವನ್ನು ಎಲ್ಲರ ಮುಂದೆ ಹಿಡಿದೆ. ಐದು ಜನ ಸಹಿ ಮಾಡಿದರು. ನಂಜುಂಡಣ್ಣ ಮಾಡಲಿಲ್ಲ. ‘ಮನೆತನದ ಮಾನ ಕಳ್ದೆ’ ಎಂದು ಹೇಳಿ ತಿರುಗಿ ಹೊರಟ. ಬೀಗದ ಕೈ ಕಲ್ಲಿನ ಮೇಲೆಯೇ ಇತ್ತು, ಯಾರೂ ತೆಗೆದುಕೊಳ್ಳಲಿಲ್ಲ. ಆ ಪುಟದ ಫೋಟೋವನ್ನು ರತ್ನಳಿಗೆ ಕಳಿಸಿ, ಬೀಗದ ಕೈ ನಿಮ್ಮದು, ಬಂದು ತೆಗೆದುಕೊಳ್ಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು ಎಂದು ಬರೆದೆ. ಇದುವರೆಗೆ ಉತ್ತರ ಬಂದಿಲ್ಲ. ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ.

ಎಲ್ಲರೂ ಏರಿಯ ಮೇಲೆ ಊರಿಗೆ ಹೊರಟರು. ನನಗೆ ಅದರ ಮೇಲೆ ಕಾಲಿಡಲಾಗಲಿಲ್ಲ. ಕೆರೆಯ ಹಿಂದುಗಡೆಯ ದಾರಿ ಹಿಡಿದೆ. ದಾರಿ ಎಂದು ಹೇಳುವಂಥದ್ದೇನೂ ಇಲ್ಲ. ಬಂಡೆ ಹತ್ತಿ ಇಳಿಯಬೇಕು, ಜಾಲಿಮುಳ್ಳು ಸರಿಸಬೇಕು, ಗುಡ್ಡದಿಂದ ಕೆರೆಗೆ ಬರುವ ಎರಡು ಹಳ್ಳಗಳನ್ನು ಮೊಣಕಾಲು ನೀರಿನಲ್ಲಿ ದಾಟಬೇಕು. ಮೊನಚು ಕಲ್ಲು ಚಪ್ಪಲಿಯೊಳಗೆ ನುಗ್ಗುತ್ತದೆ. ಅಲ್ಲಿಂದ ಕೆರೆ ಪೂರ್ತಿ ಕಾಣುತ್ತಿತ್ತು — ತುಂಬಿದ ನೀರು, ನಡುಗಡ್ಡೆಯ ಮೇಲೆ ಬಕಗಳು, ಆಚೆ ದಡದಲ್ಲಿ ನೀರಿನ ಮೇಲೆ ತುದಿ ಮಾತ್ರ ಕಾಣುತ್ತಿದ್ದ ನನ್ನ ಹಿಪ್ಪುನೇರಳೆ. ಅದು ಅಲ್ಲೇ ಕೊಳೆಯಲಿ, ಅದು ನೀರಿನ ಜಾಗ.

ಮನೆ ತಲುಪಿ ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು. ಅಂಗಾಲಿನಲ್ಲಿ ರಕ್ತ ಬಂದಿತ್ತು. ನನಗೆ ಅರವತ್ತೆರಡು. ಅವರು ಎಪ್ಪತ್ತು ದಾಟಿದವರು, ಏಳು ವರ್ಷ, ದಿನಕ್ಕೆ ಎರಡು ಸಲ ಆ ದಾರಿಯಲ್ಲಿ ನಡೆದರು.